ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ: ಫ್ಯಾಂಟಸಿ ಬರೆಯುವವರ ಕಣ್ಣಿನಿಂದ ಒಂದು ವಿಮರ್ಶೆ

ಫ್ಯಾಂಟಸಿ ಕಾದಂಬರಿ ಬರೆಯಬೇಕೆಂದು ಹೊರಟವರಿಗೆ ಬೆಂಗಳೂರಿನಲ್ಲಿ ಎಲ್ಲರೂ ಹೇಳುವ ಜಾಗಗಳು ಒಂದೇ: ನಂದಿಬೆಟ್ಟದ ಮಂಜು, ಕಬ್ಬನ್ ಪಾರ್ಕಿನ ಬಿದಿರುಮೆಳೆ, ಲಾಲ್‌ಬಾಗಿನ ಬಂಡೆ. ಹೋಗಿ ಕೂತರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಕಾದಂಬರಿ ಕೈಕೊಡುವುದು ಮನಸ್ಸು ಭಾರವಾಗಿದ್ದಕ್ಕಲ್ಲ. ಮೂರನೆಯದೋ ನಾಲ್ಕನೆಯದೋ ಅಧ್ಯಾಯದ ಹೊತ್ತಿಗೆ ನಮ್ಮ ಮಾಂತ್ರಿಕ ಏನು ಬೇಕಾದರೂ ಮಾಡಬಲ್ಲ, ನಮ್ಮ ರಾಜ ಯಾವ ಖಜಾನೆಯಿಂದಲೋ ಖರ್ಚು ಮಾಡುತ್ತಾನೆ, ಶಾಪ ಯಾರಿಗೆ ಬೇಕಾದರೂ ತಟ್ಟುತ್ತದೆ ಎಂದಾಗಿಬಿಟ್ಟಿರುತ್ತದೆ. ಕಟ್ಟಳೆ ಇಲ್ಲದ ಲೋಕದಲ್ಲಿ ಯಾರಿಗೂ ಏನೂ ಕಷ್ಟವಾಗುವುದಿಲ್ಲ, ಓದುವವರಿಗೂ ಕುತೂಹಲ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಜಾಗಗಳನ್ನು ಅಳೆದಿರುವುದು ಒಂದೇ ಅಳತೆಗೋಲಿನಿಂದ: ಅಲ್ಲಿ ಕಟ್ಟಳೆ ಸಿಗುತ್ತದೆಯೇ? ಈ ಅಳತೆಯಲ್ಲಿ ಬೆಂಗಳೂರಿನಲ್ಲಿ ಮೊದಲ ಸ್ಥಾನ ಕಸ್ತೂರ್ಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ. ಅದರಲ್ಲೂ ಅಲ್ಲಿರುವ ಎರಡು ಕಲ್ಲುಗಳಿಗೆ.

ಸಂಸ್ಥೆ ಶುರುವಾದದ್ದು 1865ರಲ್ಲಿ, ಈಗಿನ ಕಟ್ಟಡ 1877ರದು. ಬರವಣಿಗೆಗೆಂದು ಹೋಗುವವರು ಎಲ್ಲವನ್ನೂ ನೋಡುತ್ತ ಸುತ್ತಬೇಕಿಲ್ಲ. ನಾಣ್ಯ, ಮಡಕೆ, ಚಿತ್ರಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಮೊದಲ ಸಲ ನೇರವಾಗಿ ಶಾಸನ, ವೀರಗಲ್ಲುಗಳತ್ತ ಹೋಗಿ, ಆತಕೂರಿನ ಕಲ್ಲು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲಿನ ಕಾಲ ಕ್ರಿ.ಶ. 949-50. ಮೇಲ್ಭಾಗದಲ್ಲಿ ಒಂದು ನಾಯಿ ಹಂದಿಯ ಮೇಲೆ ಬಿದ್ದಿರುವ ಕೆತ್ತನೆ, ಸುತ್ತ ಹಳಗನ್ನಡದ ಬರಹ. ಅದರಲ್ಲಿರುವ ಸಂಗತಿ ಇಷ್ಟು. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧ ನಡೆಯಿತು. ಕೃಷ್ಣನ ಪರವಾಗಿ ನಿಂತ ಗಂಗರ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಬೂತುಗ, ಏನು ಬೇಕೋ ಕೇಳಿಕೋ ಎಂದಾಗ ಮಣಲೆರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಒಂದು ಮೊರಡಿಯಲ್ಲಿ, ಅಂದರೆ ಸಣ್ಣ ಗುಡ್ಡದಲ್ಲಿ, ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಈ ಕಲ್ಲು ನಿಂತಿತು.

ಇಷ್ಟಕ್ಕೇ ಕಣ್ಣು ತುಂಬಿಕೊಂಡು ಹೊರಟುಬಿಟ್ಟರೆ ಅರ್ಧ ಸರಕನ್ನು ಅಲ್ಲೇ ಬಿಟ್ಟು ಬಂದಂತೆ. ಬರೆಯುವವರಿಗೆ ನಿಜವಾಗಿ ಬೇಕಾದದ್ದು ಬರಹದ ಉಳಿದ ಭಾಗದಲ್ಲಿದೆ. ಕಲ್ಲನ್ನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟರು. ಅದರ ಪೂಜೆಗೆ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ, ಆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ ಎಂದು ಬರೆಸಿದರು. ಎಷ್ಟು ನಿಖರವಾಗಿದೆ ನೋಡಿ. ಶಾಪ ಲೋಕಕ್ಕೆಲ್ಲ ಅಲ್ಲ, ಒಬ್ಬ ಗೊರವನಿಗೆ. ಯಾವಾಗಲೂ ಅಲ್ಲ, ಅವನು ಉಣ್ಣುವ ಹೊತ್ತಿಗೆ. ಬರುವ ಕೇಡು ಸಿಡಿಲಲ್ಲ, ಒಂದು ಪ್ರಾಣಿಯ ಪಾಪದ ಲೆಕ್ಕ ಇನ್ನೊಬ್ಬನ ಖಾತೆಗೆ ದಾಟುವುದು. ಇದರ ಜೊತೆಗೆ ಆ ಕೆಲಸಕ್ಕೆ ಆದಾಯದ ಮೂಲವೂ ಇದೆ.

ಈ ಕಲ್ಲಿನ ಮುಂದೆ ನಿಂತು ನೋಟ್‌ಪುಸ್ತಕದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಇದನ್ನು ಯಾರು ಮಾಡಿಸಿದರು? ಯಾರು ಕಾಯಬೇಕು? ಕಾಯುವವರ ಹೊಟ್ಟೆಪಾಡು ಎಲ್ಲಿಂದ? ಕಾಯದಿದ್ದರೆ ಏನಾಗುತ್ತದೆ? ನಿಮ್ಮ ಕಾದಂಬರಿಯಲ್ಲಿ ಮಂತ್ರದ ಕತ್ತಿ, ಮುಚ್ಚಿದ ಬಾಗಿಲು, ಮಾತನಾಡುವ ಮರ ಏನೇ ಇರಲಿ, ಈ ನಾಲ್ಕಕ್ಕೂ ಉತ್ತರ ಬರೆಯಿರಿ. ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಉತ್ತರವಿರುತ್ತದೆ, ನಡುವಿನ ಎರಡು ಖಾಲಿ. ಸಾವಿರ ವರ್ಷದಿಂದ ಗುಹೆಯೊಂದನ್ನು ಒಬ್ಬ ಮುದುಕ ಕಾಯುತ್ತಿದ್ದಾನೆ ಎಂದು ಬರೆದಿರುತ್ತಾರೆ. ಅವನಿಗೆ ಅಕ್ಕಿ ತಂದುಕೊಡುವವರು ಯಾರು ಎಂದು ಯೋಚಿಸಿರುವುದಿಲ್ಲ. ಯೋಚಿಸಿದ ಕ್ಷಣವೇ ಒಂದು ಹಳ್ಳಿ, ಒಂದು ಕೆರೆ, ಎರಡು ಖಂಡುಗ ಗದ್ದೆ, ಆ ಗದ್ದೆಯ ಮೇಲೆ ಕಣ್ಣಿಟ್ಟ ಪಕ್ಕದ ಮನೆಯವನು, ಹೀಗೆ ಕಥೆ ತಾನಾಗಿ ಬೆಳೆಯುತ್ತದೆ.

ಖಂಡುಗದ ಬಗ್ಗೆ ಒಂದು ಮಾತು. ಅದು ಧಾನ್ಯದ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಂತಿಷ್ಟು ಬೀಜ ಬಿತ್ತಲು ಬೇಕಾಗುವ ನೆಲವನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಅಂದರೆ ನೆಲ ಒಳ್ಳೆಯದೋ ಕೆಟ್ಟದ್ದೋ ಎನ್ನುವುದರ ಮೇಲೆ ಒಂದು ಖಂಡುಗದ ವಿಸ್ತೀರ್ಣವೇ ಬದಲಾಗುತ್ತದೆ. ಇಂಥ ಅಳತೆಯಿರುವ ಲೋಕದಲ್ಲಿ ಜಗಳ, ಮೋಸ, ಪಂಚಾಯ್ತಿ ಎಲ್ಲಕ್ಕೂ ಜಾಗವಿದೆ. ಎಕರೆ, ಮೈಲಿ ಎಂದು ಬರೆದರೆ ಆ ಜಾಗ ಮುಚ್ಚಿಹೋಗುತ್ತದೆ. ಇದೇ ಕಲ್ಲಿನಲ್ಲಿ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿಯೂ ಇದೆ: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ನಾಡಿನ ಹೆಸರಿಗೇ ಸಂಖ್ಯೆ ಅಂಟಿಕೊಂಡಿದೆ. ಆ ಸಂಖ್ಯೆ ಹಳ್ಳಿಗಳದೋ ಆದಾಯದ್ದೋ ಎನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಾದಂಬರಿಕಾರರಿಗೆ ಅದೂ ಲಾಭವೇ: ನಿಮ್ಮ ಲೋಕದ ಜನರಿಗೂ ತಮ್ಮ ನಾಡಿನ ಸಂಖ್ಯೆಯ ಅರ್ಥ ಮರೆತುಹೋಗಿರಬಹುದು, ಗಡಿಜಗಳ ಅಲ್ಲಿಂದಲೇ ಹುಟ್ಟಬಹುದು.

ಎರಡನೆಯದು ಬೇಗೂರಿನ ವೀರಗಲ್ಲು. ಇದೂ ಗಂಗರ ಕಾಲದ್ದು. ಆನೆ, ಕುದುರೆ, ಕಾಲಾಳುಗಳ ಇಡೀ ಕಾಳಗ ಒಂದೇ ಕಲ್ಲಿನಲ್ಲಿ ಕಿಕ್ಕಿರಿದಿದೆ. ಯುದ್ಧದ ದೃಶ್ಯ ಬರೆಯಲು ತಿಣುಕುವವರು ಇದರ ಮುಂದೆ ಅರ್ಧ ಗಂಟೆ ನಿಲ್ಲಲೇಬೇಕು. ಯಾರು ಯಾರ ಮೇಲೆ ಬೀಳುತ್ತಿದ್ದಾರೆ, ಬಿದ್ದವರು ಎಲ್ಲಿದ್ದಾರೆ, ಕುದುರೆಯ ಎತ್ತರಕ್ಕೆ ಕಾಲಾಳಿನ ಕತ್ತಿ ಎಲ್ಲಿಗೆ ಮುಟ್ಟುತ್ತದೆ, ಎಲ್ಲವನ್ನೂ ಕಣ್ಣಳತೆಯಲ್ಲೇ ಹಿಡಿಯಬಹುದು. ಬರಹದ ಪ್ರಕಾರ, ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಆನೆಯನ್ನು ಎದುರಿಸಿ ನಾಗತ್ತರ ಮಡಿದ. ಸುದ್ದಿ ತಿಳಿದ ಗಂಗದೊರೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೇಗೂರು ಹನ್ನೆರಡನ್ನು ಕೊಟ್ಟ. ಅಂದರೆ ‘ನಾಗತ್ತರ’ ಎಂಬುದು ಒಬ್ಬನು ಸತ್ತ ಮೇಲೆ ಮತ್ತೊಬ್ಬನಿಗೆ ಕಟ್ಟಬಹುದಾದ ಪಟ್ಟ. ಸತ್ತವನ ಹೆಸರು ತೊಟ್ಟು ಓಡಾಡುವ ಮನುಷ್ಯ ಸತ್ತವನ ಹೆಂಡತಿಯನ್ನು, ಸಾಲಗಾರರನ್ನು, ಶತ್ರುಗಳನ್ನು ಹೇಗೆ ಎದುರಿಸುತ್ತಾನೆ? ದೆವ್ವ, ಮಾಟ ಏನೂ ಇಲ್ಲದೆಯೇ ಇದು ಫ್ಯಾಂಟಸಿಯ ಮೊದಲ ಅಧ್ಯಾಯ.

ಉಳಿದ ವೀರಗಲ್ಲುಗಳನ್ನು ಓದುವ ಕ್ರಮ ಸುಲಭ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಆತ ಲಿಂಗದ ಮುಂದೋ ದೇವರ ಸನ್ನಿಧಿಯಲ್ಲೋ ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರರು. ಅವರಿರುವವರೆಗೆ ಇದೂ ಇರಲಿ ಎಂದು. ಕೆಳಗಿನ ಪಟ್ಟಿಯಲ್ಲಿ ಹಸುಗಳು ಕಂಡರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋದವರೊಡನೆ ನಡೆದ ಕಾದಾಟ. ರಾಜ್ಯಕ್ಕಾಗಿ ಸತ್ತವರಿಗೆ ಮಾತ್ರವಲ್ಲ, ಊರಿನ ದನ ಬಿಡಿಸಲು ಹೋಗಿ ಸತ್ತವರಿಗೂ ಕಲ್ಲು ನಿಂತಿದೆ. ಲೋಕ ಉಳಿಸುವ ನಾಯಕನನ್ನೇ ಬರೆಯಬೇಕು ಎಂದುಕೊಂಡವರು ಇದನ್ನು ಗಮನಿಸಲಿ. ಇಪ್ಪತ್ತು ಹಸುಗಳಿಗಾಗಿ ಪ್ರಾಣ ಕೊಟ್ಟವನ ಕಥೆ ಓದುಗರ ಎದೆಗೆ ಬೇಗ ತಾಗುತ್ತದೆ, ಹಸು ಹೋದರೆ ಆ ಮನೆಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ.

ಇನ್ನು ಕೊರತೆ. ವಸ್ತುಸಂಗ್ರಹಾಲಯದ ಫಲಕದ ನಾಲ್ಕು ಸಾಲಿನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಹಳಗನ್ನಡ ಲಿಪಿ ಓದಲು ಬರದಿದ್ದರೆ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವ ಸಾಧ್ಯತೆಯೇ ಹೆಚ್ಚು. ಪರಿಹಾರವಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆತಕೂರಿಗೆ ಮೂರನೆಯ ಸಂಪುಟ ನೋಡಿ, ಬೆಂಗಳೂರು ಜಿಲ್ಲೆಗೆ 1905ರ ಒಂಬತ್ತನೆಯ ಸಂಪುಟ. ಮೂಲಪಾಠ, ಇಂಗ್ಲಿಷ್ ಅನುವಾದ ಎರಡೂ ಇವೆ. ಅನುವಾದ ಹಳೆಯ ಕಾಲದ್ದು, ಕೆಲವೆಡೆ ಮುಂದಿನ ವಿದ್ವಾಂಸರು ಬೇರೆ ರೀತಿ ಓದಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ಸಿಕ್ಕರೆ ಹೋಲಿಸಿ ನೋಡಿ. ಬೇಕಾದ ಪುಟಗಳನ್ನು ಹಿಂದಿನ ದಿನವೇ ಮುದ್ರಿಸಿಕೊಂಡು ಹೋಗುವುದು ಒಳ್ಳೆಯದು. ಫೋನಿನ ಪರದೆಯನ್ನೂ ಕಲ್ಲನ್ನೂ ಒಟ್ಟಿಗೆ ನೋಡುವುದು ಕಷ್ಟ.

ಸೋಮವಾರ ರಜೆ. ನವೀಕರಣದ ಕೆಲಸದಿಂದ ಕೆಲವು ವಿಭಾಗ ಮುಚ್ಚಿರಬಹುದು, ಆದ್ದರಿಂದ ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ, ಫ್ಲಾಶ್ ಬೇಡ. ಕೆತ್ತಿದ ಅಕ್ಷರ ಕಾಣಬೇಕಾದರೆ ಬೆಳಕು ಎದುರಿನಿಂದಲ್ಲ, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಗೆರೆಯ ಗುಳಿಯಲ್ಲಿ ನೆರಳು ಕೂತು ಅಕ್ಷರ ಎದ್ದುಬರುತ್ತದೆ. ಬಯಲಿನಲ್ಲಿರುವ ಶಾಸನಗಳನ್ನು ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ನೋಡಬೇಕೆನ್ನುವುದು ಇದಕ್ಕೇ. ನಡುಹಗಲಿನಲ್ಲಿ ಎಂಥ ಶಾಸನವೂ ಬೋಳು ಬಂಡೆಯಂತೆ ಕಾಣುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ನೀರು ಎರಚುವುದು ಯಾವುದನ್ನೂ ಮಾಡಬೇಡಿ. ಕಲ್ಲು ಹಾಳಾಗುತ್ತದೆ.

ಕಲ್ಲಿನ ಹತ್ತಿರ ಹೋಗಲಾಗದವರಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ದೊಡ್ಡ ಆಸರೆ. 1909ರಲ್ಲಿ ಹುಟ್ಟಿದ ಸಂಸ್ಥೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು 2021ರಿಂದ ನಡೆಸುತ್ತಿದೆ. ಸ್ಕ್ಯಾನ್ ಆದ ಕಲ್ಲನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಬೆಳಕಿನ ದಿಕ್ಕು ಬದಲಿಸಿ ನೋಡಬಹುದು. ಸವೆದ ಅಕ್ಷರಗಳೂ ಎಷ್ಟೋ ಸಲ ಕಾಣುತ್ತವೆ. ಲೇಔಟುಗಳ ನಡುವೆ, ಚರಂಡಿ ಪಕ್ಕದಲ್ಲಿ, ಗುಡಿಯ ಹಿತ್ತಿಲಲ್ಲಿ ಕಳೆದುಹೋಗುತ್ತಿರುವ ಕಲ್ಲುಗಳ ವಿಷಯದಲ್ಲಿ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಸಂಸ್ಥೆಯ ತ್ರೈಮಾಸಿಕದ ಹಳೆಯ ಸಂಚಿಕೆಗಳು ಜಾನಪದ, ಆಚರಣೆ, ಸ್ಥಳಪುರಾಣಗಳ ಗಣಿ. ಸದಸ್ಯರಲ್ಲದವರು ಗ್ರಂಥಾಲಯದ ಬಳಕೆ ಹೇಗೆ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಹೆಸರಿಡುವ ಕಷ್ಟಕ್ಕೂ ಶಾಸನವೇ ಮದ್ದು. ಅರ್ಧ ಗ್ರೀಕ್, ಅರ್ಧ ಸಂಸ್ಕೃತದಂತೆ ಕೇಳುವ ಹೆಸರುಗಳನ್ನು ಇಟ್ಟು ಲೋಕದ ನಂಟನ್ನೇ ಕಳೆದುಕೊಳ್ಳುವವರು ಬಹಳ. ಬೂತುಗ, ಇರುಗ, ಎರೆಯಪ್ಪ, ಮಣಲೆರ ಎಂಬಂಥ ಹೆಸರುಗಳ ನಡಿಗೆಯನ್ನು ಕಿವಿಗೆ ಹಾಕಿಕೊಳ್ಳಿ. ಅವನ್ನೇ ಎತ್ತಿಕೊಳ್ಳಬೇಡಿ, ಎಷ್ಟು ಅಕ್ಷರ, ಎಲ್ಲಿ ಒತ್ತು, ಕೊನೆಗೆ ಯಾವ ಸ್ವರ ಎಂದು ಗುರುತು ಮಾಡಿಕೊಂಡು ಅದೇ ಅಚ್ಚಿನಲ್ಲಿ ಹೊಸದನ್ನು ಕಟ್ಟಿ. ಪದಕ್ಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಪದ ಯಾವ ಕೃತಿಯಲ್ಲಿ, ಯಾವ ಶಾಸನದಲ್ಲಿ ಹೇಗೆ ಬಳಕೆಯಾಗಿದೆ ಎಂಬ ಉದಾಹರಣೆಗಳು ಅಲ್ಲೇ ಇರುವುದರಿಂದ ಪದದ ವಯಸ್ಸೂ ತಿಳಿಯುತ್ತದೆ. ವಸ್ತುಸಂಗ್ರಹಾಲಯದಿಂದ ಕಬ್ಬನ್ ಪಾರ್ಕಿನೊಳಗೆ ನಡೆದರೆ ಸಿಗುವ ಕೇಂದ್ರ ಗ್ರಂಥಾಲಯದಲ್ಲಿ, ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ಇಂಥ ಆಕರಗ್ರಂಥ ವಿಚಾರಿಸಬಹುದು. ಒಂದು ಎಚ್ಚರಿಕೆ: ಪುಟಕ್ಕೆ ಎರಡಕ್ಕಿಂತ ಹೆಚ್ಚು ಹಳಗನ್ನಡ ಪದ ಬೇಡ. ಓದುಗರು ಮುಗ್ಗರಿಸುತ್ತಾರೆ.

ಎರಡನೆಯ ಸ್ಥಾನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆಗಳಿಗೆ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರ ಆಸಕ್ತಿಯಿಂದ ಇಲ್ಲಿ ಈ ಗೊಂಬೆಗಳ ಒಳ್ಳೆಯ ಸಂಗ್ರಹ ಬೆಳೆಯಿತು. ಹದಮಾಡಿ ತೆಳುವಾಗಿಸಿದ ತೊಗಲು, ಬೆಳಕು ಹಾಯುವ ಬಣ್ಣ, ಉಳಿಯಿಂದ ಕೊರೆದ ತೂತುಗಳು. ಸುಮ್ಮನೆ ನೋಡಿ ಬಂದರೆ ಬಣ್ಣ ಮಾತ್ರ ನೆನಪಿರುತ್ತದೆ. ಗಾತ್ರ ನೋಡಿ. ಗೊಂಬೆಯ ಎತ್ತರ ಪಾತ್ರದ ಅಂತಸ್ತಿಗೆ ತಕ್ಕಂತೆ: ರಾಜ, ದೇವತೆ, ರಾಕ್ಷಸ ದೊಡ್ಡವು, ಸೇವಕರು, ಸಾಮಾನ್ಯರು ಸಣ್ಣವು. ಈ ಕಟ್ಟಳೆ ನಿಮ್ಮ ಲೋಕದಲ್ಲಿ ಅಕ್ಷರಶಃ ನಿಜವಾದರೆ? ಪದವಿ ಬಂದಂತೆ ಮೈ ಬೆಳೆದರೆ, ಪದವಿ ಹೋದ ದಿನ ಬಾಗಿಲು ಎತ್ತರವಾಗಿ ಕಂಡರೆ? ಇನ್ನೊಂದು ಗಮನಿಸಬೇಕಾದದ್ದು ಕಿಳ್ಳೇಕ್ಯಾತ. ಆಟ ಆಡಿಸುವ ಸಮುದಾಯದ ಹೆಸರೂ ಅದೇ, ಪರದೆಯ ಮೇಲಿನ ಹಾಸ್ಯಗಾರನ ಹೆಸರೂ ಅದೇ. ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ರಾಮಾಯಣದ ನಡುವೆ ನುಗ್ಗಿ ಊರಿನ ಸುದ್ದಿ ಮಾತನಾಡುವ ಹಕ್ಕು ಇವರಿಗಿದೆ. ಗಂಭೀರ ಮಹಾಕಥೆ ಬರೆಯುತ್ತ ಉಸಿರುಗಟ್ಟಿದವರು ಇಂಥ ಒಂದು ಜೋಡಿಗೆ ಜಾಗ ಮಾಡಿಕೊಡಬೇಕು. ಅದೇ ಆವರಣದಲ್ಲಿರುವ, ರಷ್ಯದ ಕಲಾವಿದ ರೋರಿಕ್ ಅವರ ಚಿತ್ರಗಳು ಸುಂದರ, ಆದರೆ ಈ ಕೆಲಸಕ್ಕೆ ಅಷ್ಟು ಒದಗುವುದಿಲ್ಲ.

ಮೂರನೆಯದು ಹಳೆಯ ಪೇಟೆ. ಫ್ಯಾಂಟಸಿ ನಗರ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಒಂದೊಂದು ಕಸುಬಿಗೆ, ಸರಕಿಗೆ ಒಂದೊಂದು ಬೀದಿ. ಬೆಳಿಗ್ಗೆ ಹತ್ತರ ಮೇಲೆ, ಭಾನುವಾರ ಬಿಟ್ಟು, ಚಿಕ್ಕಪೇಟೆಯಿಂದ ಅವೆನ್ಯೂ ರಸ್ತೆಯತ್ತ ನಡೆದುಕೊಂಡೇ ಹೋಗಿ. ನೋಡಬೇಕಾದದ್ದು ಅಂಗಡಿಯಲ್ಲ, ಸರಕು ಬಂದು ಇಳಿಯುವ ದಾರಿ. ಕೈಗಾಡಿ ಎಲ್ಲಿ ನಿಲ್ಲುತ್ತದೆ, ಹಮಾಲರು ಎಷ್ಟು ಅಗಲದ ಓಣಿಯಲ್ಲಿ ಮೂಟೆ ಹೊತ್ತು ತಿರುಗಬಲ್ಲರು, ಮೇಲ್ಮಹಡಿಯಲ್ಲಿ ಏನಿದೆ. ಟಿಪ್ಪುವಿನ ಬೆಂಗಳೂರಿಗೆ ಬ್ರಿಟಿಷರು ಹಾಕಿದ 1791ರ ಮುತ್ತಿಗೆಯ ಕಾಲದಲ್ಲಿ ಈ ಪೇಟೆಯ ಸುತ್ತ ಕಂದಕವೂ ದಟ್ಟ ಮುಳ್ಳುಬೇಲಿಯೂ ಇದ್ದವು. ಕಲ್ಲಿನ ಕೋಟೆ ಕಟ್ಟಲು ಹಣವಿಲ್ಲದ ಊರು ಮುಳ್ಳನ್ನು ಬೆಳೆಸಿಕೊಳ್ಳಬಹುದು. ಆದರೆ ಮುಳ್ಳು ಬೆಳೆಯಲು ವರ್ಷಗಳು ಬೇಕು, ಬೇಸಿಗೆಯಲ್ಲಿ ಒಣಗಿದರೆ ಬೆಂಕಿಯ ಭಯ, ಮತ್ತು ಯಾರೋ ಅದನ್ನು ಸವರುತ್ತಿರಬೇಕು. ಮೇಲಿನ ನಾಲ್ಕು ಪ್ರಶ್ನೆ ಇಲ್ಲಿಗೂ ಸಲ್ಲುತ್ತವೆ. ಆ ವರ್ಷದ ಮಾರ್ಚ್ 7ಕ್ಕೆ ಪೇಟೆ, ಮಾರ್ಚ್ 21ಕ್ಕೆ ಕೋಟೆ ಬ್ರಿಟಿಷರ ವಶವಾಯಿತು. ನಡುವಿನ ಎರಡು ವಾರ ಊರು ಶತ್ರುವಿನದು, ಕೋಟೆ ನಮ್ಮದು. ಈ ಹದಿನಾಲ್ಕು ದಿನಗಳೇ ಒಂದು ಕಾದಂಬರಿಗೆ ಸಾಕು.

ಅದೇ ಪೇಟೆಯಲ್ಲಿ ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಕರಗ ಹೊರಡುತ್ತದೆ. ತಿಗಳ ಸಮುದಾಯದ ಪೂಜಾರಿ ಹೆಣ್ಣಿನ ಉಡುಗೆಯಲ್ಲಿ ಕರಗ ಹೊರುವುದು, ಸುತ್ತ ಕತ್ತಿ ಹಿಡಿದ ವೀರಕುಮಾರರು, ದಾರಿಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬರುವುದು. ಒಂದೊಂದು ಹೆಜ್ಜೆಗೂ ವ್ರತ, ಹಕ್ಕು, ಹೊಣೆ ಇದೆ. ಆದರೆ ಇದು ಜೀವಂತ ಆಚರಣೆ, ಜನರ ನಂಬಿಕೆ. ಹೆಸರು ಬದಲಿಸಿ ಹಾಗೆಯೇ ಎತ್ತಿ ಕಥೆಗೆ ಹಾಕುವುದು ಸರಿಯಲ್ಲ, ಬರಹವೂ ಗೆಲ್ಲುವುದಿಲ್ಲ. ಹೊರುವವನೊಬ್ಬ, ಕಾಯುವವರು ಹಲವರು, ಇಬ್ಬರಿಗೂ ಬೇರೆ ಬೇರೆ ವ್ರತ ಎಂಬ ರಚನೆಯನ್ನು ಅರಿತುಕೊಂಡು ನಿಮ್ಮದನ್ನು ಹೊಸದಾಗಿ ಕಟ್ಟಿ.

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಂಜೆ ಹೋಗಿ ಕೂರಲು ಸೊಗಸು. ಕಥೆಗೆ ಸಿಗುವುದು ಆ ಸಂಖ್ಯೆಯೊಂದೇ.

ಹಳೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆಯಲ್ಲಿ ಹೆಚ್ಚಾಗಿ ಪಠ್ಯಪುಸ್ತಕವೇ ಸಿಗುವುದು. ಗೆಜೆಟಿಯರ್, ಸ್ಥಳಪುರಾಣ ಸಿಕ್ಕರೆ ಅದೃಷ್ಟ. ಕೊಳ್ಳುವ ಮೊದಲು ನಕ್ಷೆಯ ಪುಟ ಹರಿದಿಲ್ಲವೇ ನೋಡಿ, ಮೊದಲು ಮಾಯವಾಗುವುದು ಅದೇ. ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಬುಕ್ ಶಾಪ್, ಚರ್ಚ್ ಸ್ಟ್ರೀಟಿನ ಬ್ಲಾಸಂ ಇಂಗ್ಲಿಷ್ ಆಕರಗಳಿಗೆ ಮೇಲು. ಕನ್ನಡಕ್ಕೆ ಗಾಂಧಿಬಜಾರಿನ ಅಂಕಿತ.

ಇಷ್ಟು ಸಾಮಗ್ರಿ ಕೈಗೆ ಬಂದ ಮೇಲೂ ಎಡವುವುದು ಅಡುಗೆಮನೆಯಲ್ಲಿ. ಗಂಗರ ಕಾಲದ ಛಾಯೆಯ ಲೋಕ ಕಟ್ಟಿ, ಅಲ್ಲಿ ಮೆಣಸಿನಕಾಯಿ ಸಾರು, ಆಲೂಗಡ್ಡೆ ಪಲ್ಯ, ಹುರಿದ ಕಡಲೆಕಾಯಿ ಬಡಿಸುತ್ತಾರೆ. ಟೊಮೆಟೊ, ಮೆಕ್ಕೆಜೋಳ ಸೇರಿ ಇವೆಲ್ಲ ಅಮೆರಿಕ ಖಂಡದಿಂದ ಬಂದವು, ಪೋರ್ಚುಗೀಸರ ನಂತರದ ಮಾತು. ಕಾಲ್ಪನಿಕ ಲೋಕವಲ್ಲವೇ ಎನ್ನಬಹುದು. ಆದರೆ ಖಂಡುಗ, ಗೊರವ, ವೀರಗಲ್ಲು ಎಂದು ಓದುಗರನ್ನು ಒಂದು ಕಾಲಕ್ಕೆ ಕರೆದೊಯ್ದ ಮೇಲೆ ತಟ್ಟೆಯೂ ಆ ಕಾಲದ್ದೇ ಆಗಿರಬೇಕು. ಖಾರಕ್ಕೆ ಕಾಳುಮೆಣಸು, ಶುಂಠಿ, ಹುಳಿಗೆ ಹುಣಸೆ, ಜೊತೆಗೆ ರಾಗಿ, ನವಣೆ, ಹುರುಳಿ, ಅವರೆ, ಎಳ್ಳು. ಅಡುಗೆಗೆ ಕೊರತೆಯೇನಿಲ್ಲ.

ಒಂದೇ ದಿನ ಬಿಡುವಿದ್ದರೆ ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಕೇಂದ್ರ ಗ್ರಂಥಾಲಯ, ಅಲ್ಲಿಗೆ ಸಾಕು. ಇನ್ನೊಂದು ದಿನ ಮುಂಜಾನೆ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿ. ‘ಬೆಂಗಳೂರ ಕಾಳಗ’ವನ್ನು ಹೆಸರಿಸುವ, ಕ್ರಿ.ಶ. 890ರ ಸುಮಾರಿನ ಶಾಸನ ಅಲ್ಲಿದೆ. ಪೂಜೆ ನಡೆಯುವ ಗುಡಿ, ಚಪ್ಪಲಿ ಹೊರಗೆ ಬಿಡಿ, ಅರ್ಚಕರನ್ನು ಕೇಳಿಯೇ ಫೋಟೋ ತೆಗೆಯಿರಿ, ಆ ಶಾಸನದ ಮುದ್ರಿತ ಪಾಠ ಜೊತೆಗಿರಲಿ.